ಹೊಳೆಯ ಮರಳು, ಕೆರೆಯ ಹೂಳು: ನಮ್ಮ ಕಣಿವೆಯ ಐವತ್ತು ವರ್ಷ

ಸುವರ್ಣ ಮಹೋತ್ಸವದ ಸಂಚಿಕೆಗೆ ನಮ್ಮ ಭಾಗದ ಚರಿತ್ರೆಯನ್ನು ಕುರಿತು ಒಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಹಲಸೂರಿನ ಸೋಮೇಶ್ವರ ದೇವಾಲಯದ ಬಗ್ಗೆ, ಹೊಸಕೋಟೆಯ ಪಾಳೇಗಾರರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಗುರುಗಳು ನಮ್ಮಲ್ಲೇ ಇದ್ದಾರೆ. ಆದ್ದರಿಂದ ನಾನು ಯಾರೂ ಚರಿತ್ರೆಯೆಂದು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ವಸ್ತುವನ್ನು ಆರಿಸಿಕೊಂಡೆ. ಅದು ಮರಳು. ನಮ್ಮ ಶಾಲೆಗೆ 50 ವರ್ಷ ತುಂಬುವಷ್ಟರಲ್ಲಿ ಈ ಕಣಿವೆಯ ಹೊಳೆ ಬರಿದಾಯಿತು, ಹಳ್ಳಗಳು ಬರಿದಾದವು, ಕೊನೆಗೆ ಕೆರೆಯಂಗಳದ ಮಣ್ಣನ್ನೂ ತೊಳೆದು ಮಾರಿದ್ದಾಯಿತು. ಹೀಗೆ ಹೋದ ಮರಳು ಎಲ್ಲಿಗೆ ಹೋಯಿತು, ಅದರ ಜೊತೆಗೆ ಇನ್ನೇನು ಹೋಯಿತು ಎಂಬುದೇ ಈ ಬರಹ.

ಬೆಂಗಳೂರಿಗೆ ನದಿಯೇ ಇಲ್ಲ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಪೂರ್ವ ತಾಲ್ಲೂಕಿನವರು ಅದನ್ನು ಒಪ್ಪಬೇಕಾಗಿಲ್ಲ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳನ್ನು ಹಾದು, ಕಾಡುಗೋಡಿಯ ಪೂರ್ವಕ್ಕೆ ಇಳಿದು, ಸರ್ಜಾಪುರದ ಕಡೆಯಿಂದ ತಮಿಳುನಾಡಿಗೆ ಹೋಗುತ್ತದೆ. ಅಲ್ಲಿ ಹೊಸೂರಿನ ಬಳಿ ಕೆಲವರಪಲ್ಲಿ ಅಣೆಕಟ್ಟು, ಮುಂದೆ ಕೃಷ್ಣಗಿರಿ, ಸಾತನೂರು. ಕೊನೆಗೆ ಕಡಲೂರಿನ ಬಳಿ ಸಮುದ್ರ. ಬೆಂಗಳೂರು ನಗರ ಒಂದು ಏರುದಿಣ್ಣೆಯ ಮೇಲೆ ಕೂತಿದೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಯ ಮೂಲಕ ಕಾವೇರಿಗೆ. ಪೂರ್ವಕ್ಕೆ ಬಿದ್ದದ್ದು ಪಿನಾಕಿನಿಗೆ. 1809ರಲ್ಲಿ ಬ್ರಿಟಿಷರು ದಂಡು ಹೂಡಿದ ಜಾಗದ ನೀರು, ಅಂದರೆ ಇಂದಿನ ಶಿವಾಜಿನಗರ, ಹಲಸೂರು, ಇಂದಿರಾನಗರಗಳ ಬಹುಪಾಲು ನೀರು, ಬೆಳ್ಳಂದೂರು ಕೆರೆ ಸೇರಿ, ಅಲ್ಲಿಂದ ವರ್ತೂರು ಕೆರೆಗೆ ಕೋಡಿ ಹರಿದು, ಪಿನಾಕಿನಿಗೆ ಬೀಳುತ್ತದೆ. ಹೆಬ್ಬಾಳ, ನಾಗವಾರದ ನೀರು ರಾಂಪುರ, ಎಲೆ ಮಲ್ಲಪ್ಪ ಶೆಟ್ಟಿ ಕೆರೆಗಳ ದಾರಿ ಹಿಡಿದು ಅದೇ ಹೊಳೆಗೆ ಬರುತ್ತದೆ. ದಂಡಿನವರ ಚರಂಡಿಯೂ ನಮ್ಮ ಹೊಳೆಯೂ ಒಂದೇ ದಾರಿಯ ಎರಡು ತುದಿಗಳು.

ಈ ದಾರಿಯಲ್ಲಿ ಮರಳು ಹೇಗೆ ಹುಟ್ಟಿತು? ನಮ್ಮ ನೆಲದಡಿಯ ಬಂಡೆ ಬಹಳ ಹಳೆಯದು. ಅದು ಬಿಸಿಲು ಮಳೆಗೆ ಶಿಥಿಲವಾಗಿ ನಾವು ಗರಸು ಎನ್ನುವ ಒರಟು ಮಣ್ಣಾಗುತ್ತದೆ. ಬಾವಿ ತೋಡಿದವರಿಗೆ ಕೆಮ್ಮಣ್ಣಿನ ಕೆಳಗೆ ಸಿಗುವುದು ಇದೇ. ಮಳೆನೀರು ಗರಸನ್ನು ಹಳ್ಳಕ್ಕೆ ಎಳೆದು ತರುತ್ತದೆ. ಜೇಡಿ ನೀರಿನಲ್ಲಿ ಕರಗಿ ಮುಂದೆ ಹೋಗುತ್ತದೆ, ಗಟ್ಟಿ ಕಣ ಹಿಂದೆ ಉಳಿಯುತ್ತದೆ. ಹೊಳೆಯ ತಳದಲ್ಲಿ ಒಂದಾಳು ಆಳದ ಮರಳು ಕೂರಲು ಎಷ್ಟು ಸಾವಿರ ಮಳೆಗಾಲ ಬೇಕೋ, ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಅದು ಲೆಕ್ಕಕ್ಕೆ ಸಿಗುವುದಿಲ್ಲ.

ಮರಳು ತೆಗೆಯುವುದು ಹೊಸದೇನಲ್ಲ. ವಿಭೂತಿಪುರದಲ್ಲಿ 1307ರ ಒಂದು ಶಾಸನವಿದೆ, ಹೊಯ್ಸಳ ಮೂರನೇ ಬಲ್ಲಾಳನ ಕಾಲದ್ದು. ಕಾಡು ಕಡಿದು, ನೆಲ ಸಮ ಮಾಡಿ, ಊರು ಕಟ್ಟಿ, ಮರಳು ತೆಗೆದು ಕೆರೆ ಮಾಡಿದ ಸಂಗತಿಯನ್ನು ಅದು ಹೇಳುತ್ತದೆ. ಎಚ್‌ಎಎಲ್ ಕಡೆಗೆ ಬಸ್ಸಿನಲ್ಲಿ ಹೋಗುವ ಎಷ್ಟು ಜನಕ್ಕೆ ಈ ಶಾಸನದ ಸುದ್ದಿ ಗೊತ್ತೋ! 700 ವರ್ಷದ ಹಿಂದೆ ನಮ್ಮವರು ಮರಳು ತೆಗೆದದ್ದು ನೀರು ನಿಲ್ಲಿಸುವುದಕ್ಕೆ. ಹೊಸಕೋಟೆ ಊರನ್ನು 1595ರ ಸುಮಾರಿಗೆ ಸುಗಟೂರಿನ ತಮ್ಮೇಗೌಡ ಕಟ್ಟಿಸಿದ. ಅಲ್ಲಿನ ದೊಡ್ಡ ಕೆರೆಯ ಏರಿ ಸುಮಾರು 2 ಮೈಲಿ ಉದ್ದ. ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಹೆಸರೇ ಅದು ವೀಳ್ಯದೆಲೆ ವ್ಯಾಪಾರಿಯೊಬ್ಬರ ಧರ್ಮಕಾರ್ಯವೆಂದು ಹೇಳುತ್ತದೆ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ ಸಾಹೇಬರು, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕಲು ಬಹಳ ಜಾಣತನ ಬೇಕು, ಅಷ್ಟು ಒತ್ತಾಗಿ ಕೆರೆಗಳಿವೆ ಎಂಬರ್ಥದ ಮಾತು ಬರೆದಿದ್ದಾರೆ.

ಕೆರೆಗಳ ಈ ಸಾಲಿಗೆ ಒಂದು ಶಿಸ್ತು ಇತ್ತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ರೈತರು ಗೋಡು ಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಮನೆ ಕಟ್ಟುವವರು ಹಳ್ಳ ಕೆರೆಗೆ ಸೇರುವ ಬಾಯಲ್ಲಿ ಕೂತ ಮರಳನ್ನು ಒಯ್ಯುತ್ತಿದ್ದರು. ಏರಿಯ ಬುಡ, ತೂಬಿನ ಸುತ್ತ, ಕೋಡಿಯ ಕೆಳಗೆ ಗುದ್ದಲಿ ಹಾಕುವಂತಿರಲಿಲ್ಲ; ಹಾಕಿದರೆ ನೀರುಗಂಟಿ ಸುಮ್ಮನಿರುತ್ತಿರಲಿಲ್ಲ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಎಲ್ಲಿ ತೆಗೆಯಬೇಕು, ಎಷ್ಟು ತೆಗೆಯಬೇಕು, ಯಾವ ತಿಂಗಳಲ್ಲಿ ತೆಗೆಯಬೇಕು ಎಂಬ ಮೂರೂ ನಿಯಮಗಳು ಊರಿನಲ್ಲೇ ಇದ್ದವು. ಆ ಕಾಲವನ್ನು ಪೂರ್ತಿ ಹೊಗಳಲಾರೆ. ಗೋಡು ಹೊರುವ ಬಿಟ್ಟಿ ಕೆಲಸ ಯಾರ ತಲೆಗೆ ಬೀಳುತ್ತಿತ್ತು, ಅಚ್ಚುಕಟ್ಟಿನ ಗದ್ದೆ ಯಾರದಾಗಿತ್ತು ಎಂಬುದು ನಮ್ಮೂರುಗಳಲ್ಲಿ ಎಲ್ಲರಿಗೂ ಗೊತ್ತು.

ಹಳೆಯ ಮನೆಗಳಿಗೆ ಮರಳು ಬೇಕಾಗುತ್ತಿದ್ದುದೂ ಕಡಿಮೆ. ಮಣ್ಣಿನ ಗೋಡೆ, ಕಲ್ಲು ಚಪ್ಪಡಿಯ ಮಾಳಿಗೆ. ದಂಡಿನ ಬಂಗಲೆಗಳು ಇಟ್ಟಿಗೆ ಗಾರೆಯವು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ ಬಂದವು. ಜೊತೆಗೆ ವಸತಿಗೃಹಗಳು ಬಂದವು, ಸಿಮೆಂಟು ಬಂತು. ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು ಅರ್ಧ ಘನ ಮೀಟರ್ ಮರಳು ಬೇಕು. 1971ರಲ್ಲಿ 16 ಲಕ್ಷ ಚಿಲ್ಲರೆ ಇದ್ದ ಬೆಂಗಳೂರಿನ ಜನಸಂಖ್ಯೆ 2011ಕ್ಕೆ ಸುಮಾರು 85 ಲಕ್ಷವಾಯಿತು. 1990ರ ದಶಕದ ಕೊನೆಗೆ ವೈಟ್‌ಫೀಲ್ಡಿನ ಐಟಿ ಪಾರ್ಕ್ ತೆರೆಯಿತು, ವರ್ತುಲ ರಸ್ತೆ ಬಂತು, 2007ರಲ್ಲಿ ಕೆ.ಆರ್.ಪುರ, ಮಹದೇವಪುರ ನಗರಸಭೆಗಳು ಬಿಬಿಎಂಪಿಗೆ ಸೇರಿದವು, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ. ಇವೆಲ್ಲ ಪಿನಾಕಿನಿಯ ಕಣಿವೆಯಲ್ಲೋ ಅದರ ಅಂಚಿನಲ್ಲೋ ನಡೆದವು. ಅತಿ ಹತ್ತಿರದ ಮರಳೇ ಅತಿ ಅಗ್ಗದ ಮರಳು. ನಾನು ಸಾಫ್ಟ್‌ವೇರ್ ಕೆಲಸ ಮಾಡುವ ಕಟ್ಟಡವೂ ಗಾಳಿಯಲ್ಲಿ ಎದ್ದದ್ದಲ್ಲ.

ಹೊಳೆಯಲ್ಲಿದ್ದ ಮರಳಿನ ಬೆಲೆಯನ್ನು ನಾವು ಲೋಡಿನಲ್ಲಿ ಎಣಿಸಿದೆವು. ಇನ್ನೊಂದು ರೀತಿಯಲ್ಲೂ ಎಣಿಸಬಹುದಿತ್ತು. ಲೆಕ್ಕಕ್ಕಾಗಿ 1 ಕಿಲೋಮೀಟರ್ ಉದ್ದ, 30 ಮೀಟರ್ ಅಗಲ, 2 ಮೀಟರ್ ದಪ್ಪದ ಮರಳಿನ ಹಾಸು ಎಂದುಕೊಳ್ಳಿ. ಒಟ್ಟು 60,000 ಘನ ಮೀಟರ್. ಮರಳಿನ ಕಣಗಳ ನಡುವೆ ಖಾಲಿ ಜಾಗವಿರುತ್ತದೆ. ತುಂಬಿದ ನೀರಿನಲ್ಲಿ, ಹಾಸಿನ ಐದನೇ ಒಂದು ಭಾಗದಷ್ಟು ಸುಲಭವಾಗಿ ಬಸಿದು ಹೊರಬರುತ್ತದೆ ಎಂದಿಟ್ಟುಕೊಂಡರೂ 1 ಕೋಟಿ 20 ಲಕ್ಷ ಲೀಟರ್ ಆಯಿತು. 6,000 ಲೀಟರಿನ ಟ್ಯಾಂಕರಿನಲ್ಲಿ 2,000 ಟ್ಯಾಂಕರ್. ಅದೇ ಹಾಸನ್ನು ಟಿಪ್ಪರಿನಲ್ಲಿ ತುಂಬಿದರೆ, 10 ಘನ ಮೀಟರಿನಂತೆ, 6,000 ಲೋಡು. ಲೋಡು ಒಂದು ಸಲ ಹೋದರೆ ಮುಗಿಯಿತು. ನೀರು ಪ್ರತಿ ಮಳೆಗಾಲಕ್ಕೂ ಮತ್ತೆ ತುಂಬುತ್ತಿತ್ತು, ಬಿಸಿಲಿಗೆ ಆವಿಯಾಗದೆ ಮರಳಿನಡಿ ಉಳಿಯುತ್ತಿತ್ತು, ಅಕ್ಕಪಕ್ಕದ ಬಾವಿಗಳಿಗೆ ಒಸರುತ್ತಿತ್ತು. ಹಿಂದೆ ಬೇಸಿಗೆಯಲ್ಲಿ ಹೊಳೆಯಲ್ಲಿ ಒರತೆ ತೋಡಿ ಬಿಂದಿಗೆ ತುಂಬುತ್ತಿದ್ದೆವು ಎಂದು ಅಜ್ಜಿಯರು ಹೇಳುವುದರ ಅರ್ಥ ಇದೇ.

ಹತ್ತಿರದ ಮರಳು ಮುಗಿದ ಮೇಲೆ ಲಾರಿಗಳು ಕಾವೇರಿ, ತುಂಗಭದ್ರೆಯ ದಡಗಳಿಂದ ಬರತೊಡಗಿದವು. ಬಾಡಿಗೆ ಏರಿತು, ಮರಳಿನ ಬೆಲೆ ಏರಿತು. ಆಗ ನಮ್ಮ ಕಡೆ ಹುಟ್ಟಿದ್ದೇ ಫಿಲ್ಟರ್ ಮರಳು. ಹೊಸಕೋಟೆ, ಮಾಲೂರು, ಕೋಲಾರ, ದೇವನಹಳ್ಳಿ, ಆನೇಕಲ್ ತಾಲ್ಲೂಕುಗಳಲ್ಲಿ ಈ ಮಾತು ಗೊತ್ತಿಲ್ಲದ ಮನೆಯಿಲ್ಲ. ಕೆರೆಯಂಗಳ, ಗೋಮಾಳ, ಗುತ್ತಿಗೆಗೆ ಪಡೆದ ಹೊಲ, ಎಲ್ಲಿ ಗರಸು ಮಣ್ಣು ಸಿಕ್ಕಿತೋ ಅಲ್ಲಿ ಜೆಸಿಬಿಯಿಂದ ತೋಡುವುದು. ಬೋರ್‌ವೆಲ್ಲಿನ ಅಥವಾ ಕೆರೆಯ ನೀರನ್ನು ಪಂಪಿನಿಂದ ಹಾಯಿಸಿ ತೊಟ್ಟಿಯಲ್ಲಿ ಕಲಕುವುದು. ಜೇಡಿಯನ್ನು ಕಾಲುವೆಗೆ ಬಿಟ್ಟು, ಕೆಳಗೆ ಕೂತ ಕಣವನ್ನು ಮರಳೆಂದು ಮಾರುವುದು. ಹೊಳೆ ಸಾವಿರಾರು ವರ್ಷದಲ್ಲಿ ಮಾಡುತ್ತಿದ್ದ ಕೆಲಸವನ್ನು ಒಂದು ರಾತ್ರಿಯಲ್ಲಿ ಮಾಡಿದಂತೆ. ಕುಡಿಯುವ ನೀರಿಗೆ ಸಾವಿರ ಅಡಿ ಬೋರ್‌ವೆಲ್ ಕೊರೆಯುವ ಸೀಮೆಯಲ್ಲಿ ನೀರು ಸುರಿದು ಮಣ್ಣು ತೊಳೆದದ್ದು ನನ್ನ ಮಟ್ಟಿಗೆ ಈ ಚರಿತ್ರೆಯ ಅತ್ಯಂತ ಕೆಟ್ಟ ಅಧ್ಯಾಯ.

ಇದರಿಂದ ಆದ ಹಾನಿ ಒಂದೇ ಬಗೆಯದಲ್ಲ. ತೊಳೆದ ಜೇಡಿ ಕೆಳಗಿನ ಕೆರೆಗೆ ಹೋಗಿ ತಳದಲ್ಲಿ ಮೆತ್ತಿಕೊಳ್ಳುತ್ತದೆ. ಕೆರೆ ನೀರನ್ನು ಇಂಗಿಸುವುದು ನಿಧಾನವಾಗುತ್ತದೆ, ಹಿಡಿಯುವ ನೀರೂ ಕಡಿಮೆಯಾಗುತ್ತದೆ. ತೋಡಿದ ಕಡೆ ಮನೆಯೆತ್ತರದ ಗುಂಡಿ ಉಳಿಯುತ್ತದೆ. ಕೆರೆಗೆ ಬರುವ ನೀರು ಮೊದಲು ಆ ಗುಂಡಿಗಳನ್ನು ತುಂಬಬೇಕು. ತೂಬಿನ ಮಟ್ಟಕ್ಕೆ ಏರುವುದೇ ಇಲ್ಲ. ಗುಂಡಿ ಏರಿಯ ಹತ್ತಿರವಿದ್ದರೆ ಅಪಾಯ ಬೇರೆ. ಏರಿಯ ಬುಡದಲ್ಲಿ ನೀರು ಜಿನುಗಲು ದಾರಿ ಸಿಗುತ್ತದೆ, ಜೋರು ಮಳೆಯ ವರ್ಷ ಏರಿ ಬಿರಿಯುತ್ತದೆ. ಮಣ್ಣಿನ ದಿಬ್ಬ ಕುಸಿದು ಕೂಲಿಯವರು ಸತ್ತ ಸುದ್ದಿಗಳನ್ನು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಓದಿದ್ದೇವೆ. ಇಷ್ಟೆಲ್ಲ ಮಾಡಿ ತಂದ ಮರಳಾದರೂ ಒಳ್ಳೆಯದೇ? ಕಣಕ್ಕೆ ಅಂಟಿದ ಜೇಡಿ ಪೂರ್ತಿ ಹೋಗುವುದಿಲ್ಲ, ಸಿಮೆಂಟು ಸರಿಯಾಗಿ ಹಿಡಿಯುವುದಿಲ್ಲ. ನಮ್ಮ ಭಾಗದಲ್ಲಿ ಆ ವರ್ಷಗಳಲ್ಲಿ ಕಟ್ಟಿದ ಎಷ್ಟೋ ಮನೆಗಳ ಗೋಡೆಗೆ ಬೆರಳಿನಿಂದ ಕೆರೆದರೆ ಪ್ಲಾಸ್ಟರು ಪುಡಿಯಾಗಿ ಉದುರುತ್ತದೆ. ಮೇಸ್ತ್ರಿಗಳು ಮರಳನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತಿದ್ದುದು ಸುಮ್ಮನೆ ಅಲ್ಲ.

ಸರ್ಕಾರ ನೋಡುತ್ತ ಕೂತಿತ್ತೆಂದರೆ ಅನ್ಯಾಯವಾಗುತ್ತದೆ; ಕಾನೂನಿಗೆ ಕೊರತೆ ಇರಲಿಲ್ಲ. 1994ರಲ್ಲಿ ಕರ್ನಾಟಕದ ಉಪಖನಿಜ ರಿಯಾಯಿತಿ ನಿಯಮಗಳು ಬಂದವು. 2011ರಲ್ಲಿ ಮರಳಿನ ಹೊಣೆ ಲೋಕೋಪಯೋಗಿ ಇಲಾಖೆಗೆ ಹೋಯಿತು, ಆಮೇಲೆ ಮತ್ತೆ ಕೈ ಬದಲಾಯಿತು. ಕೋಲಾರದ ಜಿಲ್ಲಾಧಿಕಾರಿಯಾಗಿದ್ದ ಡಿ.ಕೆ.ರವಿಯವರು ಅಕ್ರಮ ಮರಳಿನ ಮೇಲೆ ಕೈಗೊಂಡ ಕ್ರಮವನ್ನು ಈ ಕಡೆಯ ಜನ ಇನ್ನೂ ನೆನೆಯುತ್ತಾರೆ. ದೇಶದ ಮಟ್ಟದಲ್ಲಿ ದೊಡ್ಡ ತಿರುವು 2012ರ ಫೆಬ್ರುವರಿ 27ರಂದು ಬಂತು. ಹರಿಯಾಣದಿಂದ ಹೋಗಿದ್ದ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 5 ಹೆಕ್ಟೇರಿಗಿಂತ ಸಣ್ಣ ಮರಳು, ಜಲ್ಲಿ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದಿತು. ಅಲ್ಲಿಯವರೆಗೆ ದೊಡ್ಡ ಜಾಗವನ್ನು ಸಣ್ಣ ಸಣ್ಣ ತುಂಡು ಮಾಡಿ ಪರಿಶೀಲನೆಯಿಂದ ತಪ್ಪಿಸಿಕೊಳ್ಳುವುದು ಸುಲಭವಿತ್ತು. 2016ರಲ್ಲಿ ಕೇಂದ್ರದ ಪರಿಸರ ಸಚಿವಾಲಯ ಮಾರ್ಗಸೂಚಿ ಹೊರಡಿಸಿತು: ತೋಡುವ ಆಳ 3 ಮೀಟರ್ ಮೀರಬಾರದು, ಅಂತರ್ಜಲದ ಮಟ್ಟ ಮುಟ್ಟಬಾರದು, ಸೇತುವೆ, ನೀರೆತ್ತುವ ಸ್ಥಾವರಗಳಿಂದ 200ರಿಂದ 500 ಮೀಟರ್ ದೂರ ಬಿಡಬೇಕು, ಮಳೆಗಾಲದಲ್ಲಿ ತೆಗೆಯಬಾರದು, ಹೊಳೆ ಮತ್ತೆ ಎಷ್ಟು ತಂದು ಹಾಕುತ್ತದೋ ಅಷ್ಟನ್ನೇ ತೆಗೆಯಬೇಕು. ಓದಿದಾಗ ನನಗೆ ನೀರುಗಂಟಿಯ ನೆನಪಾಯಿತು. ವ್ಯತ್ಯಾಸವೆಂದರೆ ನೀರುಗಂಟಿ ಏರಿಯ ಮೇಲೆ ನಡೆದು ನೋಡುತ್ತಿದ್ದ. ಮಾರ್ಗಸೂಚಿಯ ಆಳವನ್ನು ಅಳೆಯಲು ಹೊಳೆಗೆ ಇಳಿಯುವವರು ವಿರಳ.

ಆಳ ಮೀರಿದರೆ ಏನಾಗುತ್ತದೆಂಬುದಕ್ಕೆ ಉದಾಹರಣೆಗಳಿವೆ. ಹರಿಯುವ ನೀರಿಗೆ ಮಣ್ಣು ಮರಳನ್ನು ಹೊತ್ತು ಒಯ್ಯುವ ಶಕ್ತಿಯಿರುತ್ತದೆ. ಗುಂಡಿಯಲ್ಲಿ ಹೊರೆ ಇಳಿಸಿ ಖಾಲಿಯಾದ ನೀರು ಮುಂದೆ ಹೋಗಿ ದಡವನ್ನೂ ತಳವನ್ನೂ ಕೊರೆಯುತ್ತದೆ. ವಿಜ್ಞಾನಿಗಳು ಇದನ್ನು ಹಸಿದ ನೀರು ಎನ್ನುತ್ತಾರೆ. ಗುಂಡಿಯ ಮೇಲ್ಭಾಗದಲ್ಲೂ ತಳ ಜಾರಿ ಜಾರಿ ಹಿಂದಕ್ಕೆ ಕುಸಿಯುತ್ತದೆ. ಈ ಕೊರೆತ ಸೇತುವೆಯ ಕಂಬದ ಬುಡ ತಲುಪಿದ ದಿನ ಅನಾಹುತ. ಪೋರ್ಚುಗಲ್ಲಿನ ಡೌರೋ ನದಿಯ ಸೇತುವೆ 2001ರ ಮಾರ್ಚಿ 4ರಂದು ಕುಸಿದು ಬಸ್ಸು, ಕಾರುಗಳಲ್ಲಿದ್ದ 59 ಜನ ಸತ್ತರು. ವರ್ಷಗಟ್ಟಲೆ ಮರಳು ತೆಗೆದದ್ದು ಅದಕ್ಕೆ ಮುಖ್ಯ ಕಾರಣವೆಂದು ತನಿಖೆ ಹೇಳಿತು. ನಮ್ಮದೇ ರಾಜ್ಯದಲ್ಲಿ 2018ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿಯಿತು. ಅಲ್ಲಿನ ಜನ ಬೆರಳು ತೋರಿಸಿದ್ದು ಅಕ್ರಮ ಮರಳುಗಾರಿಕೆಯ ಕಡೆಗೆ.

ಇಲ್ಲೊಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಮರಳು ತೆಗೆದರೆ ಹೊಳೆ ಆಳವಾಗುತ್ತದಲ್ಲ, ನೆರೆ ಕಡಿಮೆಯಾಗಬೇಕಲ್ಲ ಎಂದು ಹಲವರು ಕೇಳುತ್ತಾರೆ. ತೆಗೆದ ಜಾಗದಲ್ಲಿ ಒಂದೆರಡು ಮಳೆಗೆ ಹಾಗೆ ಕಾಣಬಹುದು. ಆದರೆ ಗುಂಡಿ ನೆರೆಯ ಮೊದಲ ನೀರಿಗೇ ತುಂಬಿಬಿಡುತ್ತದೆ, ಮೇಲಿಂದ ಬರುವುದೆಲ್ಲ ಮುಂದಕ್ಕೇ ಹೋಗಬೇಕು. ದಡ ಕುಸಿದ ಮಣ್ಣು ಕೆಳಗಿನ ಮೋರಿಯಲ್ಲಿ, ಕೋಡಿಯಲ್ಲಿ ಕಟ್ಟಿಕೊಳ್ಳುತ್ತದೆ. ಹಾಗೆಂದು ನಮ್ಮ ನೆರೆಗಳನ್ನೆಲ್ಲ ಮರಳಿನ ತಲೆಗೆ ಕಟ್ಟುವುದೂ ತಪ್ಪು. 2022ರ ಸೆಪ್ಟೆಂಬರ್ ಮೊದಲ ವಾರ ಮಹದೇವಪುರ, ಹೊರ ವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಟ್ರ್ಯಾಕ್ಟರಿನಲ್ಲಿ ಜನರನ್ನು ಸಾಗಿಸಿದ್ದು ಎಲ್ಲರಿಗೂ ನೆನಪಿದೆ. ಅದಕ್ಕೆ ದೊಡ್ಡ ಕಾರಣ ರಾಜಕಾಲುವೆಗಳ ಒತ್ತುವರಿ, ತಗ್ಗಿನಲ್ಲಿ ಎದ್ದ ಬಡಾವಣೆಗಳು, ತುಂಬಿದ್ದ ಕೆರೆಗಳು. ಮರಳಿನ ಪಾಲು ಸುತ್ತಿಬಳಸಿ ಬರುತ್ತದೆ. ಮಳೆಯನ್ನು ಕುಡಿಯುತ್ತಿದ್ದ ಹಾಸು ಹೋಯಿತು. ಅದೇ ಮರಳು ಕಾಂಕ್ರೀಟಾಗಿ ಮೇಲಿನ ನೆಲವನ್ನು ಮುಚ್ಚಿತು. ಒಂದೇ ವಸ್ತು ಎರಡು ಕಡೆ ಕೆಲಸ ಕೆಡಿಸಿತು.

ಈಗ ಮಾತು ಎಂ-ಸ್ಯಾಂಡಿನದು. ಬಂಡೆ ಒಡೆದು ಕ್ರಷರಿನಲ್ಲಿ ಪುಡಿ ಮಾಡಿದ ಮರಳು. 2016ರಲ್ಲಿ ಪರಿಷ್ಕರಿಸಿದ ಭಾರತೀಯ ಮಾನಕ 383 ಇದನ್ನೂ ಒಪ್ಪಿಕೊಂಡಿದೆ, ಬೆಂಗಳೂರಿನ ಕಟ್ಟಡಗಳು ಬಹುಪಾಲು ಇದರಲ್ಲೇ ಏಳುತ್ತಿವೆ. ಹೊಳೆಗಳಿಗೆ ಇದರಿಂದ ಉಸಿರು ಬಂದದ್ದು ನಿಜ. ಆದರೆ ಗುಂಡಿ ಹೊಳೆಯಿಂದ ಗುಡ್ಡಕ್ಕೆ ವರ್ಗವಾಯಿತು, ಅಷ್ಟೇ. ಕಲ್ಲು ಕ್ವಾರಿಯ ಗುಂಡಿ ಕೆಲಸ ಮುಗಿದ ಮೇಲೆ ಏನಾಗುತ್ತದೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಮಂಡೂರಿಗೆ ಕಸ ತರುವುದು 2014ರ ಕೊನೆಗೆ ನಿಂತಿತು. ಆಮೇಲೆ ನಗರದ ಕಸ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕ್ವಾರಿಗಳಿಗೆ ಹೋಯಿತು. ಕಟ್ಟಡಕ್ಕೆ ಕಲ್ಲು ಕೊಟ್ಟ ಊರೇ ಕಟ್ಟಡದ ಕಸವನ್ನೂ ತೆಗೆದುಕೊಳ್ಳಬೇಕು. ವಿಶ್ವಸಂಸ್ಥೆಯ ಪರಿಸರ ವಿಭಾಗದ ಅಂದಾಜಿನಂತೆ ಜಗತ್ತು ವರ್ಷಕ್ಕೆ 4,000ದಿಂದ 5,000 ಕೋಟಿ ಟನ್ ಮರಳು, ಜಲ್ಲಿ ಬಳಸುತ್ತದೆ. ಅಷ್ಟು ದೊಡ್ಡ ಅಂಕಿ ನನ್ನ ತಲೆಗೆ ಹಿಡಿಯುವುದಿಲ್ಲ, ಮಿಟ್ಟಗಾನಹಳ್ಳಿ ಹಿಡಿಯುತ್ತದೆ.

ಇನ್ನೊಂದು ವಿಚಿತ್ರವನ್ನೂ ದಾಖಲಿಸಬೇಕು. 2018ರ ಜೂನ್‌ನಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೊಳವೆಗಳಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್. ಮರಳು ಹಳ್ಳಿಗಳಿಂದ ಬೆಂಗಳೂರಿಗೆ ಬಂತು, ಬೆಂಗಳೂರಿನ ಬಚ್ಚಲ ನೀರು ಸಂಸ್ಕಾರ ಪಡೆದು ಹಳ್ಳಿಗೆ ಹೋಯಿತು. ಆ ನೀರಿನ ಗುಣಮಟ್ಟದ ಬಗ್ಗೆ ಅಲ್ಲಿನ ರೈತರ ತಕರಾರು ಇದ್ದೇ ಇದೆ. ಹೂಳು ತುಂಬದ, ಗುಂಡಿ ಬೀಳದ ಕೆರೆಗೆ ಬಂದಿದ್ದರೆ ಅದೇ ನೀರು ಇನ್ನೂ ಚೆನ್ನಾಗಿ ಇಂಗುತ್ತಿತ್ತು ಎಂಬುದು ನನ್ನ ಅನಿಸಿಕೆ.

ಹೂಳೆತ್ತುವುದು ಒಳ್ಳೆಯ ಕೆಲಸ, ಅದನ್ನು ಗಣಿಗಾರಿಕೆಯೊಂದಿಗೆ ಸೇರಿಸಿ ಬೈಯಬಾರದು. ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದ ಮೇಲೆ ಬೆಳ್ಳಂದೂರು, ವರ್ತೂರು ಕೆರೆಗಳ ಹೂಳೆತ್ತುವ ಕೆಲಸ ನಡೆಯಿತು. ನಮ್ಮ ಊರ ಕೆರೆಗಳಿಗೂ ಜೆಸಿಬಿ ಬರಬೇಕು. ಕಷ್ಟವೆಂದರೆ ಹೂಳೆತ್ತುವ ಹೆಸರಿನಲ್ಲಿ ಗರಸಿನವರೆಗೆ ತೋಡಿ ಟಿಪ್ಪರ್ ತುಂಬಿಸುವುದೂ ನಡೆಯುತ್ತದೆ. ಎರಡೂ ದೂರದಿಂದ ಒಂದೇ ತರಹ ಕಾಣುತ್ತವೆ. ಹತ್ತಿರ ಹೋದರೆ ಬಣ್ಣದಲ್ಲೇ ಗೊತ್ತಾಗುತ್ತದೆ. ಹೂಳು ಕಪ್ಪಗೆ ಮೆತ್ತಗೆ, ಗರಸು ಕೆಂಪಗೆ ಬಿರುಸಾಗಿ. ಟಿಪ್ಪರಿನಲ್ಲಿ ಕೆಂಪು ಕಂಡ ದಿನ ಕೆಲಸ ಹೂಳು ದಾಟಿದೆ ಎಂದರ್ಥ. 2020ರ ರಾಜ್ಯ ಮರಳು ನೀತಿಯಲ್ಲಿ ಸಣ್ಣ ಹಳ್ಳಗಳ ಮರಳನ್ನು ಊರಿನ ಬಳಕೆಗೆ ಕೊಡುವ ಅಧಿಕಾರ ಗ್ರಾಮ ಪಂಚಾಯಿತಿಗೆ ಬಂದಿದೆ. ಅಂದರೆ ಎಲ್ಲಿ, ಎಷ್ಟು, ಯಾವಾಗ ಎಂಬ ಹಳೆಯ ಮೂರು ಪ್ರಶ್ನೆಗಳು ಮತ್ತೆ ಗ್ರಾಮಸಭೆಯ ಮುಂದೆ ಬಂದಿವೆ. ಉತ್ತರ ಹೇಳಲು ಮೊದಲು ಅಳತೆ ಇರಬೇಕು.

ನಮ್ಮ ಶಾಲೆಯ ವಿಜ್ಞಾನ ಸಂಘದ ಮಕ್ಕಳಿಗೆ ಇದು ಸಾಧ್ಯ. ಕೆರೆಗೆ ಹಳ್ಳ ಸೇರುವ ಕಡೆಯ ಮೋರಿಯ ಗೋಡೆಗೆ, ಕೋಡಿಯ ಕಲ್ಲಿಗೆ ಬಣ್ಣದಲ್ಲಿ ಒಂದು ಗೆರೆ ಎಳೆಯುವುದು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಮ್ಮೆ, ಸಂಕ್ರಾಂತಿಯ ಹೊತ್ತಿಗೆ ಒಮ್ಮೆ, ಗೆರೆಯಿಂದ ತಳದವರೆಗೆ ಎಷ್ಟು ಅಡಿ ಎಂದು ಅಳೆದು ಒಂದು ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡುವುದು. ನೀರಿದ್ದಾಗ ಮಕ್ಕಳು ಇಳಿಯಬಾರದು, ಮೇಷ್ಟರು ಜೊತೆಗಿರಬೇಕು. ಐದು ವರ್ಷದ ಪುಸ್ತಕವಿದ್ದರೆ ಗ್ರಾಮಸಭೆಯಲ್ಲಿ ಯಾವ ಗುತ್ತಿಗೆದಾರನ ಎದುರಿಗೂ ಅದನ್ನು ತೆರೆದು ಇಡಬಹುದು. ಬೇಕಾದದ್ದು ಒಂದು ಟೇಪು, ಒಂದು ಡಬ್ಬಿ ಬಣ್ಣ. ಹಳೆಯ ವಿದ್ಯಾರ್ಥಿಗಳ ಸಂಘ ಒಪ್ಪಿದರೆ ಎರಡನ್ನೂ ನಾನು ತಂದುಕೊಡುತ್ತೇನೆ; ಮೊದಲ ಅಳತೆಯನ್ನು ಈ ಬೇಸಿಗೆಯಲ್ಲೇ ತೆಗೆಯಬಹುದು.